ಜಿಂಕ್ ಆಕ್ಸೈಡ್ ನ್ಯಾನೋ ಹುಡಿ: ಗುಣ, ಉಪಯೋಗ ಮತ್ತು ಸುರಕ್ಷಿತ ಬಳಕೆಯ ಕ್ರಮ

ಜಿಂಕ್ ಆಕ್ಸೈಡ್ ನಮಗೆ ಹೊಸ ವಸ್ತುವೇನಲ್ಲ. ಬೆವರುಗುಳ್ಳೆಗೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಶನ್‌ನಲ್ಲಿ, ದಂತವೈದ್ಯರು ಲವಂಗದೆಣ್ಣೆಯ ಯೂಜಿನಾಲ್‌ನೊಂದಿಗೆ ಕಲಸಿ ಹಲ್ಲಿನ ಕುಳಿಗೆ ತುಂಬುವ ತಾತ್ಕಾಲಿಕ ಸಿಮೆಂಟಿನಲ್ಲಿ, ಆಯುರ್ವೇದದ ಯಶದ ಭಸ್ಮದಲ್ಲಿ ಮುಖ್ಯವಾಗಿ ಇರುವುದು ಇದೇ ಬಿಳಿ ಹುಡಿ. ಹೊಸತಾಗಿರುವುದು ಅದರ ನಯ. 100 ನ್ಯಾನೋಮೀಟರಿಗಿಂತಲೂ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಸಣ್ಣ ಕಣಗಳಾಗಿ ತಯಾರಾದ ಹುಡಿ ಈಗ ಅಂಚೆ ಪೊಟ್ಟಣದಲ್ಲಿ ಕಾಸರಗೋಡು, ಕಾಞಂಗಾಡು, ಮಂಜೇಶ್ವರದ ಕಡೆಯ ಕಾಲೇಜುಗಳಿಗೂ ಸಣ್ಣಪುಟ್ಟ ತಯಾರಿಕಾ ಘಟಕಗಳಿಗೂ ಬಂದು ತಲಪುತ್ತದೆ. ಪೊಟ್ಟಣದೊಂದಿಗೆ ಬರುವ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಗೋಡೆಗೆ ಅಂಟಿಸಿದ ಸೂಚನೆ ಮಲಯಾಳದಲ್ಲಿರುತ್ತದೆ, ಹುಡಿಯನ್ನು ಕೈಯಲ್ಲಿ ಹಿಡಿಯುವ ಸಹಾಯಕರು ಅನೇಕ ಕಡೆ ಕನ್ನಡ ಓದಿದವರು. ಈ ಲೇಖನ ಮೊದಲಿಗೆ ಅವರಿಗಾಗಿ, ಆಮೇಲೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗಾಗಿ ಮತ್ತು ‘ಇದನ್ನು ತೋಟಕ್ಕೆ ಹಾಕಬಹುದೇ’ ಎಂದು ಕೇಳುವ ಕೃಷಿಕರಿಗಾಗಿ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಪ್ರಯೋಗಾಲಯದಲ್ಲಿ 25 ಗ್ರಾಮಿನ ಪೊಟ್ಟಣವೊಂದನ್ನು ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗಲೇ ಕತ್ತರಿಯಿಂದ ಬಿಡಿಸಿದ್ದೆವು. ಮೇಜಿನ ಮೇಲೆ ಏನೂ ಚೆಲ್ಲಿದಂತೆ ಕಾಣಲಿಲ್ಲ. ಮರುದಿನ ಬೆಳಗ್ಗೆ ಕಿಟಕಿಯ ಓರೆಬಿಸಿಲು ಬಿದ್ದಾಗ ಎದುರಿನ ಕಪಾಟಿನ ಕಪ್ಪು ಬಾಗಿಲಿನ ಮೇಲೆ ವಿಭೂತಿ ಸವರಿದಂತಹ ತೆಳ್ಳನೆಯ ಪದರ ಕಂಡಿತು. ತಕ್ಕಡಿಗೆ ಹಾಕಿ ತೂಗುವಷ್ಟೂ ಅದು ಇರಲಿಲ್ಲ. ಆದರೆ ಅದು ಅಲ್ಲಿಗೆ ಹೋದದ್ದು ಗಾಳಿಯಲ್ಲಿ ತೇಲಿ, ಮತ್ತು ಅದೇ ಗಾಳಿಯನ್ನು ನಾವು ನಾಲ್ಕೈದು ಮಂದಿ ಇಡೀ ಮಧ್ಯಾಹ್ನ ಉಸಿರಾಡಿದ್ದೆವು. ಕಣ ಸಣ್ಣದಾದುದರಿಂದಲೇ ಈ ಹುಡಿಗೆ ಅದರ ವಿಶೇಷ ಗುಣಗಳು ಬಂದಿವೆ, ಆ ಸಣ್ಣತನವೇ ಅದನ್ನು ಗಾಳಿಗೆ ಏರಿಸುತ್ತದೆ ಮತ್ತು ಆಮ್ಲೀಯ ನೀರಿನಲ್ಲಿ ಬೇಗ ಕರಗಿಸುತ್ತದೆ. ಮುಂದೆ ಹೇಳುವ ಕ್ರಮಗಳೆಲ್ಲ ಎರಡು ಮಾತಿನೊಳಗೆ ಬರುತ್ತವೆ: ಒಣ ಹುಡಿ ಗಾಳಿಗೇಳಬಾರದು, ಒದ್ದೆ ಹುಡಿ ತೋಡಿಗಿಳಿಯಬಾರದು.

ಗುಣಗಳು, ಕೆಲಸಕ್ಕೆ ಬೇಕಾಗುವಷ್ಟು

ಜಿಂಕ್ ಆಕ್ಸೈಡಿನ ತೂಕದಲ್ಲಿ ಶೇಕಡಾ 80.3ರಷ್ಟು ಸತು, ಉಳಿದದ್ದು ಆಮ್ಲಜನಕ. ಅಣುತೂಕ 81.4; ಸಾಂದ್ರತೆ ಘನ ಸೆಂಟಿಮೀಟರಿಗೆ 5.6 ಗ್ರಾಂ; ಕರಗುವ ಉಷ್ಣತೆ ಸುಮಾರು 1,975 ಡಿಗ್ರಿ ಸೆಲ್ಸಿಯಸ್. ಕೋಣೆಯ ಉಷ್ಣತೆಯಲ್ಲಿ ಅಚ್ಚಬಿಳಿಯಾಗಿರುವ ಹುಡಿ ಕುಲುಮೆಯಲ್ಲಿ ಕಾದಾಗ ಹಳದಿಯಾಗುತ್ತದೆ, ತಣಿದಾಗ ಮತ್ತೆ ಬಿಳಿಯಾಗುತ್ತದೆ. ಮೊದಲ ಬಾರಿ ನೋಡುವ ವಿದ್ಯಾರ್ಥಿಗಳು ಹುಡಿ ಕೆಟ್ಟಿತೆಂದು ಗಾಬರಿಯಾಗುವುದುಂಟು, ಕೆಟ್ಟಿರುವುದಿಲ್ಲ. ಶುದ್ಧ ನೀರಿನಲ್ಲಿ ಅದು ಬಹುಮಟ್ಟಿಗೆ ಕರಗುವುದಿಲ್ಲ, ಆದರೆ ಆಮ್ಲದಲ್ಲಿಯೂ ಪ್ರಬಲ ಕ್ಷಾರದಲ್ಲಿಯೂ ಕರಗುತ್ತದೆ. ಲಿಂಬೆಹುಳಿಯಂತಹ ದುರ್ಬಲ ಆಮ್ಲವೂ ಅದಕ್ಕೆ ಸಾಕು. ಈ ಇಬ್ಬಗೆಯ ಗುಣವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಹುಡಿಯನ್ನು ನೀರಿನಲ್ಲಿ ಕದಡುವಾಗಲೂ ಕೊನೆಗೆ ತ್ಯಾಜ್ಯವನ್ನು ಸಂಸ್ಕರಿಸುವಾಗಲೂ ಇದೇ ಗುಣ ನಮ್ಮ ಕೆಲಸವನ್ನು ಕೆಡಿಸುತ್ತದೆ ಅಥವಾ ಉಳಿಸುತ್ತದೆ.

ಇದು ಅರೆವಾಹಕ. ಇದರ ಶಕ್ತಿ ಅಂತರ, ಅಂದರೆ ಒಳಗಿನ ಎಲೆಕ್ಟ್ರಾನನ್ನು ಬಿಡಿಸಲು ಬೆಳಕು ಕೊಡಬೇಕಾದ ಕನಿಷ್ಠ ಶಕ್ತಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ 375 ನ್ಯಾನೋಮೀಟರಿಗಿಂತ ಕಿರಿದಾದ ತರಂಗಾಂತರದ ಅತಿನೇರಳೆ ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದಿಲ್ಲ. ಹಾಗಾದರೆ ಸಾಮಾನ್ಯ ಹುಡಿ ಬೆಳ್ಳಗೆ ಕಾಣುವುದೇಕೆ? ಕೆಲವು ನೂರು ನ್ಯಾನೋಮೀಟರಿನ ಕಣಗಳು ಕಾಣುವ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಕಣ 100 ನ್ಯಾನೋಮೀಟರಿಗಿಂತ ಕೆಳಗಿಳಿದಂತೆ ಈ ಚದುರಿಸುವಿಕೆ ಕುಗ್ಗಿ, ಮುಖಕ್ಕೆ ಹಚ್ಚಿದ ಲೇಪ ಯಕ್ಷಗಾನದ ಬಣ್ಣದಂತೆ ಬಿಳಿಚದೆ ಪಾರದರ್ಶಕವಾಗುತ್ತದೆ, ಅತಿನೇರಳೆ ಬೆಳಕನ್ನು ಹೀರುವ ಗುಣ ಮಾತ್ರ ಉಳಿಯುತ್ತದೆ. ಬಿಸಿಲು ತಡೆಯುವ ಕ್ರೀಮುಗಳಲ್ಲಿ ನ್ಯಾನೋ ರೂಪವನ್ನು ಬಳಸುವುದರ ಗುಟ್ಟು ಇಷ್ಟೇ.

ಇನ್ನು ಮೇಲ್ಮೈಯ ಲೆಕ್ಕ. ಕಣಗಳು ಗುಂಡಗಿವೆ ಎಂದು ಇಟ್ಟುಕೊಂಡರೆ, 1,070ನ್ನು ನ್ಯಾನೋಮೀಟರಿನಲ್ಲಿ ಹೇಳಿದ ವ್ಯಾಸದಿಂದ ಭಾಗಿಸಿದಾಗ ಒಂದು ಗ್ರಾಮಿಗೆ ಎಷ್ಟು ಚದರ ಮೀಟರ್ ಮೇಲ್ಮೈ ಎಂಬುದು ಬರುತ್ತದೆ. ಒಂದು ಮೈಕ್ರಾನಿನ, ಅಂದರೆ 1,000 ನ್ಯಾನೋಮೀಟರಿನ ಕಣಗಳಾದರೆ ಗ್ರಾಮಿಗೆ ಒಂದು ಚದರ ಮೀಟರ್ ಆಸುಪಾಸು. 20 ನ್ಯಾನೋಮೀಟರಿನ ಕಣಗಳಾದರೆ 53 ಚದರ ಮೀಟರ್. ನಮ್ಮ ಊರಿನ ಜಾಗದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗ್ರಾಂ ಹುಡಿಯೊಳಗೆ ಒಂದೂಕಾಲು ಸೆಂಟ್‌ಗೂ ಮಿಕ್ಕಿದ ಜಾಗ ಮಡಚಿಕೊಂಡು ಕುಳಿತಿದೆ, ಮತ್ತು ಕಣಗಳ ಎಣಿಕೆ ಸುಮಾರು ನಾನೂರು ಕೋಟಿ ಕೋಟಿ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಆದುದರಿಂದ ಹುಡಿ ಚುರುಕು. ಬೆಳಕು ಬಿದ್ದಾಗ ಈ ಮೇಲ್ಮೈಯಲ್ಲಿ ಹುಟ್ಟುವ ಆಮ್ಲಜನಕದ ತೀವ್ರ ರೂಪಗಳು ಬಣ್ಣದ ನೀರನ್ನು ತಿಳಿಗೊಳಿಸಬಲ್ಲವು, ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವು. ಇದೇ ಗುಣ ಚರ್ಮದ ಮೇಲೆ ಬೇಡವಾದುದರಿಂದ ಕ್ರೀಮಿನ ಹುಡಿಗೆ ಸಿಲಿಕಾ ಅಥವಾ ಸಿಲಿಕೋನಿನ ಲೇಪವನ್ನು ಕೊಡುವುದಿದೆ.

ಮೊದಲ ಹೆಜ್ಜೆ: ನ್ಯಾನೋ ರೂಪವೇ ಬೇಕೇ ಎಂದು ಕೇಳಿಕೊಳ್ಳುವುದು

ಹೆಚ್ಚಿನವರು ಈ ಹೆಜ್ಜೆಯನ್ನು ದಾಟಿಬಿಡುತ್ತಾರೆ. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸುವಾಗ ನೂರು ಪಾಲು ರಬ್ಬರಿಗೆ ಸಾಮಾನ್ಯವಾಗಿ ಮೂರರಿಂದ ಐದು ಪಾಲು ಜಿಂಕ್ ಆಕ್ಸೈಡನ್ನು ಸ್ಟಿಯರಿಕ್ ಆಮ್ಲದೊಂದಿಗೆ ಸೇರಿಸುತ್ತಾರೆ. ನ್ಯಾನೋ ರೂಪವಾದರೆ ಪ್ರಮಾಣವನ್ನು ಇಳಿಸಬಹುದು ನಿಜ, ಆದರೆ ಚಪ್ಪಲಿಯ ಅಟ್ಟೆ, ಕಾಲೊರಸು ಮುಂತಾದವನ್ನು ತಯಾರಿಸುವ ಸಣ್ಣ ಘಟಕಕ್ಕೆ ಸತುವಿನ ಆವಿಯನ್ನು ಗಾಳಿಯಲ್ಲಿ ಉರಿಸಿ ತಯಾರಿಸಿದ ಸಾಮಾನ್ಯ ಹುಡಿಯೇ ಧಾರಾಳ ಸಾಕು. ಸುಣ್ಣಬಣ್ಣ, ಪಿಂಗಾಣಿಯ ಮೆರುಗು, ಮುಲಾಮುಗಳಿಗೂ ಇದೇ ಮಾತು. ತುಲಾ ಮಾಸದ ಗುಡುಗುಮಿಂಚಿನ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರನ್ನು ಕಾಯುವ ಸಿಡಿಲು ನಿರೋಧಕದೊಳಗಿನ ಬಿಲ್ಲೆಗಳೂ ಜಿಂಕ್ ಆಕ್ಸೈಡಿನವೇ. ಅವನ್ನು ಹುಡಿಯನ್ನೊತ್ತಿ ಸುಟ್ಟು ಮಾಡುತ್ತಾರೆ. ನ್ಯಾನೋ ರೂಪ ನಿಜವಾಗಿ ಬೇಕಾಗುವುದು ಪಾರದರ್ಶಕ ಲೇಪಗಳಿಗೆ, ಅನಿಲ ಸಂವೇದಕಗಳಿಗೆ, ಬೆಳಕಿನಿಂದ ನಡೆಯುವ ಕ್ರಿಯೆಗಳ ಪ್ರಯೋಗಕ್ಕೆ, ಬ್ಯಾಕ್ಟೀರಿಯಾ ನಿರೋಧಕ ಬಟ್ಟೆಗಳಿಗೆ.

ಬಿಸಿಲಿನ ಕ್ರೀಮಿನ ವಿಚಾರದಲ್ಲಿ ಎರಡು ಮಾತು. ಅಮೆರಿಕದಲ್ಲೂ ಯುರೋಪಿನ ಒಕ್ಕೂಟದಲ್ಲೂ ಇದನ್ನು ಶೇಕಡಾ 25ರ ವರೆಗೆ ಬಳಸಲು ಅನುಮತಿಯಿದೆ. ಆದರೆ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗಬಹುದಾದ ಸ್ಪ್ರೇ ರೂಪದಲ್ಲಿ ಬಳಸುವುದನ್ನು ಯುರೋಪಿನ ನಿಯಮ ತಡೆಯುತ್ತದೆ. 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಗುರುತಿನ ಐಸೊಟೋಪು ಹಾಕಿದ ಸತುವಿನ ಕ್ರೀಮನ್ನು ಐದು ದಿನ ಬಿಸಿಲಿನಲ್ಲಿ ಹಚ್ಚಿಸಿ ನೋಡಿದಾಗ ರಕ್ತದಲ್ಲಿ ಕಂಡ ಗುರುತಿನ ಸತು, ದೇಹದಲ್ಲಿ ಮೊದಲೇ ಇರುವ ಸತುವಿನೆದುರು ಅತ್ಯಲ್ಪವಾಗಿತ್ತು. ಅಂದರೆ ಒದ್ದೆ ಕ್ರೀಮಿನಲ್ಲಿ ಸಿಕ್ಕಿಕೊಂಡ ಕಣಕ್ಕೆ ಹೆದರಬೇಕಾದುದು ಕಡಿಮೆ. ಅದೇ ಕ್ರೀಮನ್ನು ಮನೆಯಲ್ಲಿ ತಯಾರಿಸಲು ಹೊರಟು ಒಣ ಹುಡಿಯನ್ನು ಅಡುಗೆಮನೆಯ ಮಿಕ್ಸಿಗೆ ಸುರಿಯುವುದಿದೆಯಲ್ಲ, ಹೆದರಬೇಕಾದುದು ಅದಕ್ಕೆ.

ತೋಟದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಪ್ರಯೋಗಾಲಯಕ್ಕೆಂದು ಮಾರುವ ಹುಡಿಯನ್ನು ಕೊಂಡು ಮದ್ದು ಬಿಡುವ ಪಂಪಿಗೆ ಹಾಕಬಾರದು. ಗಿಡಗಳಿಗೆ ಸತು ಬೇಕು, ಅದರ ಕೊರತೆಯಿಂದ ಎಲೆ ಕಿರಿದಾಗಿ ಬಿಳಿಚಿಕೊಳ್ಳುತ್ತದೆ, ಭತ್ತದಲ್ಲಿ ಖೈರಾ ಎಂಬ ತೊಂದರೆ ಕಾಣಿಸುತ್ತದೆ. ಆದರೆ ಶೇಕಡಾ 21 ಸತು ಇರುವ ಜಿಂಕ್ ಸಲ್ಫೇಟ್ ಅಗ್ಗವಾಗಿ ಸಿಗುತ್ತದೆ, ನೀರಿನಲ್ಲಿ ಕರಗುತ್ತದೆ, ಎಷ್ಟು ಹಾಕಬೇಕೆಂಬುದು ಮಣ್ಣು ಪರೀಕ್ಷೆಯಿಂದ ಗೊತ್ತಾಗುತ್ತದೆ. ನ್ಯಾನೋ ಗೊಬ್ಬರವೇ ಬೇಕೆನ್ನುವವರು ರಸಗೊಬ್ಬರ ನಿಯಂತ್ರಣ ಆದೇಶದಡಿ ಅಂಗೀಕಾರ ಪಡೆದ, ಪ್ರಮಾಣ ಮುದ್ರಿಸಿದ ದ್ರವರೂಪದ ಸರಕನ್ನೇ ಕೊಳ್ಳಬೇಕು. ಎರಡು ದಶಕಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದುದನ್ನು ಕಂಡ ಜಿಲ್ಲೆ ನಮ್ಮ ಕಾಸರಗೋಡು. ಜಿಂಕ್ ಆಕ್ಸೈಡನ್ನು ಅದರ ಸಾಲಿಗೆ ಸೇರಿಸುವುದು ತಪ್ಪು. ಆದರೆ ಗಾಳಿಗೆ ಬಿಡುವ ಮುನ್ನ ಕೇಳಿ ತಿಳಿಯುವ ಅಭ್ಯಾಸ ಬೇರೆಲ್ಲಿಗಿಂತ ನಮ್ಮಲ್ಲಿ ಹೆಚ್ಚು ಇರಬೇಕು.

ಎರಡನೆಯ ಹೆಜ್ಜೆ: ಕೊಳ್ಳುವುದು ಮತ್ತು ಬಂದುದನ್ನು ಪರಿಶೀಲಿಸುವುದು

ಕೊಳ್ಳುವಾಗ ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) 1314-13-2 ಎಂದಿದೆಯೇ, ಸುರಕ್ಷತಾ ದತ್ತಾಂಶ ಪತ್ರ ಜೊತೆಗಿದೆಯೇ, ಕಣಗಳಿಗೆ ಲೇಪವಿದೆಯೇ ಎಂದು ಕೇಳಬೇಕು. ಕಣಗಾತ್ರದೊಂದಿಗೆ ಗ್ರಾಮಿಗಿಷ್ಟು ಚದರ ಮೀಟರ್ ಎಂಬ ಮೇಲ್ಮೈ ಅಂಕಿಯನ್ನೂ ಕೇಳಿ ಪಡೆಯಬೇಕು. ಮೇಲೆ ಹೇಳಿದ 1,070ರ ಲೆಕ್ಕ ಉಪಯೋಗಕ್ಕೆ ಬರುವುದು ಇಲ್ಲಿ. ಲೇಬಲಿನಲ್ಲಿ 30 ನ್ಯಾನೋಮೀಟರ್ ಎಂದಿದ್ದರೆ ಮೇಲ್ಮೈ 35ರ ಆಸುಪಾಸಿನಲ್ಲಿರಬೇಕು. ಪ್ರಮಾಣಪತ್ರದಲ್ಲಿ 8 ಎಂದಿದ್ದರೆ ನಿಮಗೆ ಬಂದಿರುವುದು 130 ನ್ಯಾನೋಮೀಟರಿಗೆ ಸಮನಾದ ಹುಡಿ, ಅಥವಾ ಒಂದಕ್ಕೊಂದು ಬೆಸೆದುಕೊಂಡ ಕಣಗಳ ಗಂಟು. ಹರಳಿನ ರಚನೆಯನ್ನು ತೋರಿಸುವ ಎಕ್ಸ್-ಕಿರಣ ವಿವರ್ತನೆಯ ಸೌಲಭ್ಯ ಸಿಕ್ಕಿದರೆ ತಾಮ್ರದ ಕಿರಣದಲ್ಲಿ 31.8, 34.4 ಮತ್ತು 36.3 ಡಿಗ್ರಿಗಳ ಬಳಿ ಮೂರು ಮುಖ್ಯ ಶಿಖರಗಳು ಕಾಣಬೇಕು; ಶಿಖರ ಅಗಲವಾದಷ್ಟೂ ಹರಳು ಸಣ್ಣದು.

ಎಲ್ಲಕ್ಕಿಂತ ಒಳ್ಳೆಯ ಉಪಾಯ, ಸಾಧ್ಯವಿದ್ದಾಗಲೆಲ್ಲ ಒಣ ಹುಡಿಯ ಬದಲು ನೀರಿನಲ್ಲಿ ಕದಡಿಟ್ಟ ರೂಪವನ್ನೇ ತರಿಸುವುದು. ಬೆಲೆ ಸ್ವಲ್ಪ ಹೆಚ್ಚಾಗುತ್ತದೆ, ಅಪಾಯದ ಮುಕ್ಕಾಲು ಪಾಲು ಕಾರ್ಖಾನೆಯಲ್ಲೇ ಉಳಿಯುತ್ತದೆ. ಒಣ ಹುಡಿಯೇ ಬೇಕಾದಲ್ಲಿ ಕಿಲೋ ಲೆಕ್ಕದಲ್ಲಿ ತರಿಸದೆ ಒಂದು ಅವಧಿಯ ಕೆಲಸಕ್ಕೆ ಬೇಕಾದಷ್ಟನ್ನೇ ತರಿಸಬೇಕು. ಡಬ್ಬಿ ಬಂದ ದಿನವೇ ಅದರ ಮೇಲೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಹೆಸರು, ದಿನಾಂಕ, ‘ಒಣ ಹುಡಿ, ಫ್ಯಾನ್ ನಿಲ್ಲಿಸದೆ ತೆರೆಯಬೇಡಿ’ ಎಂಬ ಸೂಚನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಬೇಕು.

ಮೂರನೆಯ ಹೆಜ್ಜೆ: ಕೋಣೆ ಮತ್ತು ಮೈಗಾಪು

ಸತುವಿನ ಆಕ್ಸೈಡಿನ ಉಸಿರಾಡಬಹುದಾದ ಧೂಳಿಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಮಂಡಳಿ ಸೂಚಿಸುವ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಘನ ಮೀಟರಿಗೆ 2 ಮಿಲಿಗ್ರಾಂ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯೊಂದರಲ್ಲಿ ಇರುವುದು 60 ಘನ ಮೀಟರ್ ಗಾಳಿ. ಹಾಗಿದ್ದರೆ 120 ಮಿಲಿಗ್ರಾಂ ಹುಡಿ, ಎಂದರೆ ಬೆರಳ ತುದಿಯಲ್ಲಿ ಚಿವುಟಿದಷ್ಟು, ಗಾಳಿಯಲ್ಲಿ ಸಮನಾಗಿ ಹರಡಿದರೆ ಸಾಕು, ಮಿತಿ ಮುಟ್ಟುತ್ತದೆ. ಆ ಮಿತಿಯೂ ನ್ಯಾನೋ ಕಣಕ್ಕೆಂದೇ ಹಾಕಿದುದಲ್ಲ. ನ್ಯಾನೋ ಹುಡಿಯ ಕೆಲಸದಲ್ಲಿ ಅದರ ಹತ್ತನೆಯ ಒಂದು ಪಾಲಿನ ಒಳಗಿರಲು ನೋಡುವುದು ನನ್ನ ರೂಢಿ. ಒಂದು ಮೈಕ್ರಾನಿನ ಗಂಟೊಂದು ತಲೆಯೆತ್ತರದಿಂದ ನೆಲಕ್ಕಿಳಿಯಲು ಗಾಳಿ ಅಲುಗದಿದ್ದರೂ ಎರಡು ಗಂಟೆ ಹಿಡಿಯುತ್ತದೆ, ಅದಕ್ಕಿಂತ ಹತ್ತುಪಟ್ಟು ಸಣ್ಣದಕ್ಕೆ ದಿನಗಳೇ ಬೇಕು. ‘ಧೂಳು ಕೂತ ಮೇಲೆ ಒಳಗೆ ಹೋಗುತ್ತೇನೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಆದುದರಿಂದ ಡಬ್ಬಿ ತೆರೆಯುವ ಮೊದಲು ಫ್ಯಾನನ್ನು ನಿಲ್ಲಿಸಬೇಕು, ಎದುರುಬದುರು ಕಿಟಕಿಗಳನ್ನು ಮುಚ್ಚಬೇಕು, ಕೆಲಸವನ್ನು ಹೊಗೆಗೂಡಿನೊಳಗೆ (ಗಾಳಿಯನ್ನು ಒಳಗೆಳೆದು ಹೊರಗೆ ಬಿಡುವ ಫ್ಯೂಮ್ ಹುಡ್) ಅಥವಾ ಕೈಗವಸು ಪೆಟ್ಟಿಗೆಯೊಳಗೆ (ಅಳವಡಿಸಿದ ಗವಸಿನ ಮೂಲಕ ಕೈಹಾಕುವ ಮುಚ್ಚಿದ ಪೆಟ್ಟಿಗೆ) ಮಾಡಬೇಕು. ಹೊಗೆಗೂಡಿನ ಹೊರಹೋಗುವ ಗಾಳಿಗೆ ಅತಿಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕ ಇದ್ದರೆ ಉತ್ತಮ. ಸೂಕ್ಷ್ಮಜೀವಿ ವಿಭಾಗದಲ್ಲಿರುವ, ಒಳಗಿನಿಂದ ಎದೆಯ ಕಡೆಗೆ ಗಾಳಿ ಊದುವ ಅಡ್ಡ ಗಾಳಿಯ ಪೆಟ್ಟಿಗೆಯನ್ನು ಇದಕ್ಕೆಂದೂ ಬಳಸಬಾರದು. ಅದು ಕಾಪಾಡುವುದು ಒಳಗಿನ ವಸ್ತುವನ್ನು, ಎದುರು ಕುಳಿತವರನ್ನಲ್ಲ.

ಮುಖಕ್ಕೆ ಕಟ್ಟಿದ ಬೈರಾಸಾಗಲಿ ಆಸ್ಪತ್ರೆಯ ನೀಲಿ ಮಾಸ್ಕಾಗಲಿ ಪ್ರಯೋಜನಕ್ಕಿಲ್ಲ. ಕನಿಷ್ಠಪಕ್ಷ ಎನ್95, ಸಾಧ್ಯವಾದರೆ ಪಿ100 ಅಥವಾ ಎಫ್‌ಎಫ್‌ಪಿ3 ಮಟ್ಟದ ಮಾಸ್ಕ್ ಇರಬೇಕು. ಮಾಸ್ಕಿನ ರಂಧ್ರ ದೊಡ್ಡದು, ನ್ಯಾನೋ ಕಣ ಸಣ್ಣದು, ಆದ್ದರಿಂದ ಅದು ನುಸುಳಿ ಹೋಗುತ್ತದೆಂಬ ಮಾತನ್ನು ಕೇಳುತ್ತಿರುತ್ತೇನೆ. ಶೋಧಕ ಜರಡಿಯಲ್ಲ. ಬಹಳ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಓಲಾಡುತ್ತ ಎಳೆಗಳಿಗೆ ತಗಲಿ ಅಂಟಿಕೊಳ್ಳುತ್ತವೆ. ತಡೆಯಲು ಕಷ್ಟವಾಗುವುದು 300 ನ್ಯಾನೋಮೀಟರ್ ಆಸುಪಾಸಿನ ಅಥವಾ ಅದಕ್ಕಿಂತ ಸ್ವಲ್ಪ ಸಣ್ಣ ಕಣಗಳನ್ನು, ಮಾಸ್ಕನ್ನು ಪರೀಕ್ಷಿಸುವುದೂ ಆ ಗಾತ್ರದ ಬಳಿಯಲ್ಲೇ. ನಿಜವಾದ ಸೋರಿಕೆ ಮೂಗಿನ ಪಕ್ಕದ ಸಂದಿನಲ್ಲಿ ಮತ್ತು ಗಡ್ಡದ ಮೇಲೆ. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಕೈಗೆ ನೈಟ್ರೈಲ್ ಗವಸು ಎರಡು ಪದರ, ಹೊರಗಿನ ಗವಸು ಅಂಗಿಯ ತೋಳಿನ ಮೇಲೆ ಬರುವಂತೆ. ಹತ್ತಿಯ ಕೋಟು ಹುಡಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ನೇಯದ ಪಾಲಿಪ್ರೊಪಿಲೀನಿನ ಮೇಲಂಗಿ ಲೇಸು. ಯಾವುದನ್ನೂ ಮನೆಗೆ ಒಗೆಯಲು ಒಯ್ಯಬಾರದು.

ನಾಲ್ಕನೆಯ ಹೆಜ್ಜೆ: ತೂಗುವುದು, ಒದ್ದೆ ಮಾಡುವುದು, ಕದಡುವುದು

ಮುಚ್ಚಳವಿರುವ ಖಾಲಿ ಸೀಸೆಯನ್ನು ಮೊದಲು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಬೇಕು. ಸೀಸೆಯನ್ನು ಹೊಗೆಗೂಡಿಗೆ ಒಯ್ದು, ಅಡಿಗೆ ಒದ್ದೆ ಕಾಗದ ಹಾಸಿ, ಡಬ್ಬಿಯಿಂದ ಹುಡಿಯನ್ನು ಚಮಚದಲ್ಲಿ ಎತ್ತಿ ಸೀಸೆಯ ತಳದ ಹತ್ತಿರಕ್ಕೆ ತಂದು ಇಳಿಸಬೇಕು. ಎತ್ತರದಿಂದ ಸುರಿಯಬಾರದು, ಚಮಚವನ್ನು ಸೀಸೆಯ ಬಾಯಿಗೆ ತಟ್ಟಬಾರದು. ಮುಚ್ಚಿದ ಮೇಲೆಯೇ ಸೀಸೆ ಮತ್ತೆ ತಕ್ಕಡಿಗೆ ಬರಬೇಕು. ಲೆಕ್ಕದಲ್ಲಿ ಬೇಕಾದುದು 1.000 ಗ್ರಾಂ, ಬಂದದ್ದು 1.037 ಗ್ರಾಂ ಆದರೆ ಹೆಚ್ಚಾದುದನ್ನು ತೆಗೆಯಲು ಹೋಗದೆ ನೀರನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುವುದು ಜಾಣತನ. ಮಳೆಗಾಲದ ತೇವದಲ್ಲಿ ಹುಡಿ ಅಷ್ಟಾಗಿ ಹಾರುವುದಿಲ್ಲ. ಮಕರ, ಕುಂಭ ತಿಂಗಳ ಒಣ ಹವೆಯಲ್ಲಿ ಪ್ಲಾಸ್ಟಿಕ್ ಚಮಚಕ್ಕೆ ವಿದ್ಯುತ್ ಏರಿ ಹುಡಿ ತಾನಾಗಿ ನೆಗೆಯುತ್ತದೆ, ಆಗ ಉಕ್ಕಿನ ಚಮಚವನ್ನೇ ಬಳಸಬೇಕು.

ಇನ್ನು ಒದ್ದೆ ಮಾಡುವುದು. ಅಕ್ಕಿಹಿಟ್ಟನ್ನು ಗಂಟಾಗದಂತೆ ಕದಡಲು ಮೊದಲು ಸ್ವಲ್ಪವೇ ನೀರು ಹಾಕಿ ಮುದ್ದೆ ಮಾಡಿಕೊಳ್ಳುತ್ತೇವಲ್ಲ, ಕ್ರಮ ಅದೇ. ಸೀಸೆಯ ಗೋಡೆಯಗುಂಟ ಹನಿಹನಿಯಾಗಿ ನೀರನ್ನಿಳಿಸಿ ಮುದ್ದೆಯಾದ ಮೇಲೆ ಉಳಿದ ನೀರನ್ನು ಸೇರಿಸಬೇಕು. ಒಂದೇ ಸಲ ಪಿಚಕಾರಿಯಂತೆ ನೀರು ಬಿಟ್ಟರೆ ಹುಡಿಯ ನಡುವಿನ ಗಾಳಿ ಹುಡಿಯನ್ನೇ ಹೊತ್ತು ಹೊರಬರುತ್ತದೆ. ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಆಮ್ಲೀಯ. ಅದರಲ್ಲಿ ಹುಡಿಯ ಒಂದು ಪಾಲು ಕರಗಿ ಸತುವಿನ ಅಯಾನುಗಳಾಗುತ್ತದೆ, ಆಮೇಲೆ ಬ್ಯಾಕ್ಟೀರಿಯಾವನ್ನು ಕೊಂದದ್ದು ನ್ಯಾನೋ ಕಣವೋ ಕರಗಿದ ಸತುವೋ ಎಂದು ಹೇಳಲಾಗದು. ಎಷ್ಟೋ ಪ್ರಾಜೆಕ್ಟ್ ವರದಿಗಳ ದೋಷ ಇದೇ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 9ರಿಂದ 10ರ ಸುಮಾರಿಗೆ ಕಣದ ಮೇಲಿನ ವಿದ್ಯುದಂಶ ಶೂನ್ಯವಾಗುವುದರಿಂದ ಅಲ್ಲಿ ಕಣಗಳು ಕೂಡಿಕೊಂಡು ತಳಕ್ಕಿಳಿಯುತ್ತವೆ. ಅತ್ತ ಆಮ್ಲದಲ್ಲಿ ಕರಗುವಿಕೆ, ಇತ್ತ ಕ್ಷಾರದಲ್ಲಿ ಗಂಟುಗಟ್ಟುವಿಕೆ; ನಡುವೆ ನಿಲ್ಲಿಸಲು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟಿನಂತಹ ಕದಡುಕಾರಕವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಶ್ರವಣಾತೀತ ಧ್ವನಿಯ ಉಪಕರಣದಲ್ಲಿ ಕದಡುವಾಗ ಸೀಸೆಯನ್ನು ಮುಚ್ಚಿ, ಮಂಜುಗಡ್ಡೆಯ ನೀರಿನಲ್ಲಿಟ್ಟು, ಹತ್ತು ಹದಿನೈದು ನಿಮಿಷಗಳನ್ನು ಬಿಡಿಬಿಡಿಯಾಗಿ ಮಾಡಬೇಕು. ತೆರೆದ ಪಾತ್ರೆಯಿಂದ ಏಳುವ ತುಂತುರಿನಲ್ಲಿ ಕಣಗಳೂ ಇರುತ್ತವೆ.

ಹುಡಿಯನ್ನು ತಾವೇ ತಯಾರಿಸುವವರಿಗೆ ಒಂದು ಎಚ್ಚರಿಕೆ. ಜಿಂಕ್ ನೈಟ್ರೇಟಿಗೆ ಯಾವುದಾದರೂ ಎಲೆಯ ಕಷಾಯ ಸೇರಿಸಿ ಕಾಯಿಸುವ ‘ಹಸಿರು ವಿಧಾನ’ ಕಾಲೇಜುಗಳಲ್ಲಿ ಈಗ ಬಲು ಜನಪ್ರಿಯ. ನೈಟ್ರೇಟ್ ಮತ್ತು ಸಸ್ಯದ ಸಕ್ಕರೆಗಳ ಒಣಗಿದ ಮುದ್ದೆ ಒಮ್ಮೆಲೇ ಹೊತ್ತಿಕೊಂಡು ಕಂದು ಬಣ್ಣದ ವಿಷಾನಿಲವನ್ನು ಉಗುಳಬಲ್ಲುದು. ಇದನ್ನು ಚಿಕ್ಕ ಪ್ರಮಾಣದಲ್ಲಿ, ಹೊಗೆಗೂಡಿನಲ್ಲೇ ಮಾಡಬೇಕು. ಎಲೆ ತುಳಸಿಯದಾದರೂ ಕಹಿಬೇವಿನದಾದರೂ ಕೊನೆಗೆ ದೊರಕುವ ಹುಡಿ ಅದೇ ಜಿಂಕ್ ಆಕ್ಸೈಡ್. ಹಸಿರೆಂಬ ಹೆಸರಿನಿಂದ ಅದರ ಧೂಳು ಸೌಮ್ಯವಾಗುವುದಿಲ್ಲ.

ಐದನೆಯ ಹೆಜ್ಜೆ: ಮಳೆಗಾಲದಲ್ಲಿ ಕಾಪಿಡುವುದು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಚರ್ಮದ ಚಪ್ಪಲಿಗೂ ಬೂಸಲು ಹಿಡಿಯುತ್ತದೆ. ಜಿಂಕ್ ಆಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ನಿಧಾನವಾಗಿ ಕಾರ್ಬೊನೇಟಾಗುತ್ತದೆ. ಮೇಲ್ಮೈ ಹೆಚ್ಚಿರುವ ನ್ಯಾನೋ ಹುಡಿಯಲ್ಲಿ ಇದು ಬೇಗ. ಒತ್ತುಮುಚ್ಚಳದ ಡಬ್ಬಿ, ಅದರ ಹೊರಗೆ ಇನ್ನೊಂದು ಚೀಲ, ನಡುವೆ ಸಿಲಿಕಾ ಜೆಲ್ ಇದಕ್ಕೆ ಸಾಕು. ಹಳೆಯ ಹುಡಿ ಸರಿಯಿದೆಯೇ ಎಂದು ನೋಡಲು ಒಂದು ಚಿಟಿಕೆಯನ್ನು ನೀರಿನಲ್ಲಿ ಒದ್ದೆ ಮಾಡಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಹಾಕಬೇಕು: ಶುದ್ಧ ಆಕ್ಸೈಡ್ ಸದ್ದಿಲ್ಲದೆ ಕರಗುತ್ತದೆ, ಕಾರ್ಬೊನೇಟ್ ಸೇರಿದ್ದರೆ ಗುಳ್ಳೆ ಏಳುತ್ತದೆ. ಕುಲುಮೆಯಲ್ಲಿ 300ರಿಂದ 400 ಡಿಗ್ರಿಗೆ ಕಾಯಿಸಿದರೆ ಅದು ಮತ್ತೆ ಆಕ್ಸೈಡಾಗುತ್ತದೆ, ಆದರೆ ಕಣಗಳು ಬೆಳೆದು ಮೊದಲಿನ ಸಣ್ಣತನ ಉಳಿಯುವುದಿಲ್ಲ.

ಹುಡಿ ತಾನಾಗಿ ಉರಿಯುವುದಿಲ್ಲ. ಆದರೂ ಮೆಗ್ನೀಸಿಯಂ ಪುಡಿ, ಅಗಸೆ ಎಣ್ಣೆ, ಕ್ಲೋರಿನ್ ಸೇರಿಸಿದ ರಬ್ಬರ್ ಮತ್ತು ಆಮ್ಲಗಳಿಂದ ದೂರವಿಡಬೇಕು. ಮೆಗ್ನೀಸಿಯಂನೊಂದಿಗೆ ಕಾದರೆ ಸ್ಫೋಟವೂ ಆಗಬಹುದು.

ಆರನೆಯ ಹೆಜ್ಜೆ: ಚೆಲ್ಲಿದಾಗ, ಮತ್ತು ಉಳಿದುದನ್ನು ವಿಲೇ ಮಾಡುವಾಗ

ಚೆಲ್ಲಿದ ಕೂಡಲೇ ಕೈ ಹಿಡಿಸೂಡಿಯ ಕಡೆಗೆ ಹೋಗುತ್ತದೆ. ಗುಡಿಸಬಾರದು, ಊದಬಾರದು, ಮನೆಬಳಕೆಯ ವ್ಯಾಕ್ಯೂಮಿನಿಂದ ಎಳೆಯಲೂಬಾರದು; ಅದು ಒಂದು ಕಡೆಯಿಂದ ಹೀರಿ ಇನ್ನೊಂದು ಕಡೆಯಿಂದ ಕೋಣೆ ತುಂಬ ಉಗುಳುತ್ತದೆ. ಮಾಸ್ಕ್ ಹಾಕಿ, ಒದ್ದೆ ಕಾಗದವನ್ನು ಹುಡಿಯ ಮೇಲೆ ಮೆಲ್ಲಗೆ ಹಾಸಿ, ಅಂಚಿನಿಂದ ನಡುವಿಗೆ ಮಡಚಿ ಎತ್ತಿ ಚೀಲಕ್ಕೆ ಹಾಕಬೇಕು. ಆಮೇಲೆ ಹೊಸ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಆ ಬಟ್ಟೆಯನ್ನು ತೊಳೆಯದೆ ಅದೇ ಚೀಲಕ್ಕೆ ಸೇರಿಸಬೇಕು.

ತೊಳೆದ ನೀರನ್ನು ಸಿಂಕಿಗೆ ಬಿಡಬಾರದೆಂಬುದಕ್ಕೆ ಲೆಕ್ಕವೇ ಸಾಕ್ಷಿ. ಒಂದು ಗ್ರಾಂ ಹುಡಿಯಲ್ಲಿ 800 ಮಿಲಿಗ್ರಾಂ ಸತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸೂಚಿಸುವ ಮಿತಿ ಲೀಟರಿಗೆ 5 ಮಿಲಿಗ್ರಾಂ. ಆ ಲೆಕ್ಕದಲ್ಲಿ 160 ಲೀಟರ್ ನೀರು ಸೇರಿದರೆ ಸಾಕಲ್ಲ ಎನ್ನಬಹುದು. ಆದರೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೀಟರಿಗೆ 60 ಮೈಕ್ರೋಗ್ರಾಂ ಆಸುಪಾಸಿನ ಸತುವಿನಿಂದಲೇ ಸಿಹಿನೀರಿನ ಪಾಚಿಯ ಬೆಳವಣಿಗೆ ಅರ್ಧಕ್ಕಿಳಿದಿತ್ತು. ಪಾಚಿಗೆ ತೊಂದರೆಯಾಗದ ಮಟ್ಟಕ್ಕೆ ಒಂದು ಗ್ರಾಂ ಇಳಿಯಬೇಕಾದರೆ ಹದಿಮೂರು ಸಾವಿರ ಲೀಟರೂ ಸಾಲದು. ಪಾಚಿಯಿಂದ ಮೀನು, ಮೀನಿನಿಂದ ನಾವು. ಇಲ್ಲಿ ಸಿಂಕಿನ ನೀರು ಹೋಗುವುದು ಹಿತ್ತಿಲ ಗುಂಡಿಗೆ, ಗುಂಡಿಯಿಂದ ತೂತುತೂತಾದ ಮುರಕಲ್ಲಿಗೆ, ಅಲ್ಲಿಂದ ಬಾವಿಗೋ ಪಯಸ್ವಿನಿಗೆ ಸೇರುವ ತೋಡಿಗೋ ಅಥವಾ ಗುಡ್ಡ ಕೊರೆದು ತೋಡಿದ ಸುರಂಗದ ಒರತೆಗೋ. ಬೇಸಗೆಯಲ್ಲಿ ಸುರಂಗದ ನೀರನ್ನೇ ನಂಬಿದ ಮನೆಗಳು ಇನ್ನೂ ಎಷ್ಟೋ ಇವೆ.

ತ್ಯಾಜ್ಯ ನೀರನ್ನೆಲ್ಲ ಒಂದು ಕ್ಯಾನಿನಲ್ಲಿ ಕೂಡಿಡಬೇಕು. ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಪಿಎಚ್ ಕಾಗದದಲ್ಲಿ 9.5ರ ಹತ್ತಿರಕ್ಕೆ ತಂದರೆ ಕರಗಿದ ಸತು ಹೈಡ್ರಾಕ್ಸೈಡಾಗಿ ಕಣಗಳೊಂದಿಗೆ ತಳಕ್ಕಿಳಿಯುತ್ತದೆ. ಹೆಚ್ಚು ಹಾಕಿದರೆ ಒಳ್ಳೆಯದೆಂದುಕೊಳ್ಳಬಾರದು. ಪಿಎಚ್ 12 ದಾಟಿದರೆ ಸತು ಮತ್ತೆ ಕರಗುತ್ತದೆ. ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಸೋಸಿ ಪರೀಕ್ಷೆಗೆ ತೆಗೆದಿಟ್ಟು, ತಳದ ಕೆಸರನ್ನು ಒದ್ದೆಯಾಗಿಯೇ ಮುಚ್ಚಿದ ಡಬ್ಬಿಗೆ ತುಂಬಿ ಹೆಸರು, ದಿನಾಂಕ ಬರೆಯಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುವ ಘಟಕಗಳು ಇಂತಹ ಸರಕನ್ನು 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೇರಳದ ಅಪಾಯಕಾರಿ ತ್ಯಾಜ್ಯ ಸಂಸ್ಕರಣಾ ಕೇಂದ್ರವಿರುವುದು ಕೊಚ್ಚಿಯ ಬಳಿಯ ಅಂಬಲಮೇಡಿನಲ್ಲಿ. ಅಷ್ಟು ದೂರಕ್ಕೆ ಅರ್ಧ ಕಿಲೋ ಕೆಸರನ್ನು ಕಳುಹಿಸುವುದು ಒಬ್ಬೊಬ್ಬರಿಗೇ ಕಷ್ಟವಾದುದರಿಂದ ಸಮೀಪದ ಎರಡು ಮೂರು ಕಾಲೇಜುಗಳು ಸೇರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ ಒಟ್ಟಿಗೆ ಸಾಗಿಸುವುದು ಕಾರ್ಯಸಾಧ್ಯ.

ಮೈಗೆ ತಾಗಿದರೆ

ಚರ್ಮಕ್ಕೆ ತಾಗಿದರೆ ಸಾಬೂನು ಹಾಕಿ ತೊಳೆದರಾಯಿತು. ಕಣ್ಣಿಗೆ ಬಿದ್ದರೆ ರೆಪ್ಪೆ ಎತ್ತಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು. ಬಾಯಿಗೆ ಹೋದರೆ ಬಾಯಿ ಮುಕ್ಕಳಿಸಬೇಕು, ವಾಂತಿ ಮಾಡಿಸಬಾರದು. ಧೂಳನ್ನು ಉಸಿರಾಡಿದ್ದರೆ ಹೊರಗಿನ ಗಾಳಿಗೆ ಕರೆತಂದು, ಆ ಹೊತ್ತಿಗೆ ಏನೂ ಆಗದಿದ್ದರೂ ಆ ದಿನ ಒಬ್ಬರೇ ಇರಲು ಬಿಡಬಾರದು. ಸತುವಿನ ಆಕ್ಸೈಡಿನ ಹೊಗೆ ಕುಡಿದವರಿಗೆ ಬರುವ ಲೋಹದ ಹೊಗೆಯ ಜ್ವರ ಇದಕ್ಕೆ ಕಾರಣ. ಗ್ಯಾಲ್ವನೈಸ್ ಪೈಪುಗಳನ್ನು ಬೆಸೆದು ಗೇಟು ಮಾಡುವ ವೆಲ್ಡರುಗಳಿಗೆ ಅದು ಪರಿಚಿತ: ಬಾಯಲ್ಲಿ ಲೋಹದ ರುಚಿ, ಗಂಟಲು ಒಣಗುವುದು, ನಾಲ್ಕರಿಂದ ಹತ್ತು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಹಾಲು ಕುಡಿದರೆ ಬರುವುದಿಲ್ಲವೆಂಬ ನಂಬಿಕೆ ಅವರಲ್ಲಿದೆ, ಅದಕ್ಕೆ ಆಧಾರವಿಲ್ಲ. ನ್ಯಾನೋ ಹುಡಿಯ ದಟ್ಟ ಧೂಳನ್ನು ಉಸಿರಾಡಿದವರಲ್ಲೂ ಇದೇ ಬಗೆಯ ಜ್ವರವನ್ನು ನಿರೀಕ್ಷಿಸಿ ಎಚ್ಚರದಿಂದಿರಬೇಕು.

ತೊಂದರೆ ಇರುವುದು ಆ ನಾಲ್ಕು ಗಂಟೆಗಳ ಅಂತರದಲ್ಲಿ. ಮಧ್ಯಾಹ್ನ ಮೂರಕ್ಕೆ ಹುಡಿ ಹಾರಿದ್ದರೆ ಜ್ವರ ಏರುವುದು ರಾತ್ರಿ ಮನೆಯಲ್ಲಿ. ಮಳೆಗಾಲದ ಜ್ವರಗಳ ನಡುವೆ ವೈದ್ಯರು ಅದನ್ನು ಇಲಿಜ್ವರವೋ ಡೆಂಗಿಯೋ ಎಂದು ಹುಡುಕತೊಡಗುತ್ತಾರೆ. ಅವರೆದುರು ಹೋಗುವಾಗ ಸುರಕ್ಷತಾ ದತ್ತಾಂಶ ಪತ್ರದ ಪ್ರತಿ ಕೈಯಲ್ಲಿರಬೇಕು, ಯಾವ ಹುಡಿ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂದು ಹೇಳಲು ಗೊತ್ತಿರಬೇಕು. ಡಬ್ಬಿ ತೆರೆದ ಮತ್ತು ಮುಚ್ಚಿದ ಗಂಟೆಯನ್ನು ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿಡಲು ಹೇಳುವುದು ಅದಕ್ಕಾಗಿಯೇ.